ಬಸ್ ನೋಡಿ ಮನೆ ಹಿಡಿ

ಆಗಸ್ಟ್ ತಿಂಗಳ ಆರಂಭದಲ್ಲಿ ಒಂದು ರಾತ್ರಿ ದೇವನಹಳ್ಳಿಯ ವಿಮಾನ ನಿಲ್ದಾಣದ ಹೊರಗೆ ಸುಮ್ಮನೆ ನಿಂತು ನೋಡಬೇಕು. ಒಬ್ಬೊಬ್ಬ ಹುಡುಗ ಹುಡುಗಿಯ ಸುತ್ತ ಏಳೆಂಟು ಮಂದಿ, ಎರಡೆರಡು ದೊಡ್ಡ ಸೂಟ್‌ಕೇಸು. ತೂಕ ಹೆಚ್ಚಾಯಿತೆಂದು ಅಲ್ಲೇ ನೆಲದ ಮೇಲೆ ಬಿಚ್ಚಿ, ಕುಕ್ಕರ್ ಇರಲಿ, ಹುಳಿಪುಡಿ ಇರಲಿ, ಪುಸ್ತಕ ಬೇಡ ಎಂದು ಅಮ್ಮಂದಿರು ತೀರ್ಪು ಕೊಡುತ್ತಿರುತ್ತಾರೆ. ಅಪ್ಪಂದಿರದು ಒಂದೇ ಮಾತು, ಹತ್ತನೆಯ ಸಲ: "ಏನೂ ಹೆದರಬೇಡ. ನ್ಯೂಜೆರ್ಸಿಯಲ್ಲಿ ಭಾವನ ತಮ್ಮ ಇದ್ದಾರೆ. ಒಂದು ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತಾರೆ."

ಹುಡುಗ ಹೊರಟಿರುವುದು ಪಿಟ್ಸ್‌ಬರ್ಗಿಗೆ. ನ್ಯೂಜೆರ್ಸಿಯ ಎಡಿಸನ್ನಿನಿಂದ ಪಿಟ್ಸ್‌ಬರ್ಗಿಗೆ ಸುಮಾರು 550 ಕಿಲೋಮೀಟರ್. ಬೆಂಗಳೂರಿನಿಂದ ಬೆಳಗಾವಿಗಿಂತ ದೂರ. ಭಾವನ ತಮ್ಮ ಎಷ್ಟೇ ಒಳ್ಳೆಯವರಾದರೂ ಕೆಲಸದ ದಿನ ರಜೆ ಹಾಕಿ, ಬೆಟ್ಟಗುಡ್ಡಗಳ ಸಾಲು ದಾಟಿ, ಒಬ್ಬ ಹುಡುಗನನ್ನು ವಿಮಾನ ನಿಲ್ದಾಣದಿಂದ ರೂಮಿಗೆ ಬಿಡಲು ಬರುವುದು ಕಷ್ಟ. ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. 2022ರ ಆಗಸ್ಟಿನಲ್ಲಿ ನನ್ನ ಅಕ್ಕನ ಮಗ ಅಲ್ಲಿನ ವಿಶ್ವವಿದ್ಯಾಲಯವೊಂದಕ್ಕೆ ಎಂ.ಎಸ್. ಓದಲು ಹೊರಟಾಗ ನಾವೆಲ್ಲ ವೀಸಾ, ಬ್ಯಾಂಕಿನ ಸಾಲ, ಸ್ವೆಟರ್, ಉಪ್ಪಿನಕಾಯಿ ಎಲ್ಲವನ್ನೂ ಯೋಚಿಸಿದ್ದೆವು. ಅವನು ದಿನಾ ಕಾಲೇಜಿಗೆ ಹೇಗೆ ಹೋಗುತ್ತಾನೆ ಎಂದು ಒಬ್ಬರೂ ಕೇಳಿರಲಿಲ್ಲ. ಆ ಪ್ರಶ್ನೆಯ ಬೆಲೆ ಒಂದು ಇಡೀ ಚಳಿಗಾಲವಾಯಿತು.

ಅಮೆರಿಕ ಎಂದರೆ ನಮ್ಮ ಕಣ್ಣಿಗೆ ಎರಡೇ ಚಿತ್ರ. ಒಂದು, ನೆಲದಡಿ ರೈಲು ಓಡುವ ನ್ಯೂಯಾರ್ಕು. ಇನ್ನೊಂದು, ಕಾರಿಲ್ಲದೆ ಹಾಲು ಕೂಡ ತರಲಾಗದ ಊರುಗಳು. ನಮ್ಮ ಮಕ್ಕಳು ಹೋಗಿ ಸೇರುವ ಎಷ್ಟೋ ಊರುಗಳು ಇವೆರಡರ ನಡುವೆ ಇವೆ. ಪಿಟ್ಸ್‌ಬರ್ಗ್ ಅಂಥದ್ದು. 2020ರ ಜನಗಣತಿಯಂತೆ ಊರಿನೊಳಗಿನ ಜನಸಂಖ್ಯೆ ಮೂರು ಲಕ್ಷ ಚಿಲ್ಲರೆ. 1950ರಲ್ಲಿ ಅದು ಆರು ಮುಕ್ಕಾಲು ಲಕ್ಷದಷ್ಟಿತ್ತು. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ ಮೇಲೆ ಕರಗಿತು. ಕುಲುಮೆಗಳು ಆರಿದ ಊರನ್ನು ಈಗ ಆಸ್ಪತ್ರೆಗಳು ಮತ್ತು ವಿಶ್ವವಿದ್ಯಾಲಯಗಳು ಸಾಕುತ್ತಿವೆ. ಕಂಪ್ಯೂಟರ್ ವಿಜ್ಞಾನಕ್ಕೆ ಹೆಸರಾದ ಕಾರ್ನೆಗಿ ಮೆಲನ್ ಇರುವುದು ಇಲ್ಲೇ. ಜೊನಾಸ್ ಸಾಕ್ ಪೋಲಿಯೊ ಲಸಿಕೆ ಕಂಡುಹಿಡಿದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯವೂ ಇಲ್ಲೇ. ಎರಡೂ ಓಕ್‌ಲ್ಯಾಂಡ್ ಎಂಬ ಒಂದೇ ಬಡಾವಣೆಯಲ್ಲಿ ಅಕ್ಕಪಕ್ಕದಲ್ಲಿವೆ.

ಹೆಸರಿನಲ್ಲೇ ಒಂದು ಬಲೆ

ಟಿಕೆಟ್ ಕೊಳ್ಳುವ ಮೊದಲೇ ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ಈ ಊರಿನ ಹೆಸರಿನ ಕೊನೆಗೆ ಒಂದು 'ಎಚ್' ಅಕ್ಷರ ಇದೆ. 1891ರಲ್ಲಿ ಸರ್ಕಾರದ ಮಂಡಳಿಯೊಂದು ಆ ಅಕ್ಷರವನ್ನು ಕಿತ್ತುಹಾಕಿತ್ತು. ಊರಿನವರು ಒಪ್ಪದೆ ಹಟ ಹಿಡಿದು 1911ರಲ್ಲಿ ವಾಪಸು ಪಡೆದರು. 'ಎಚ್' ಇಲ್ಲದ ಪಿಟ್ಸ್‌ಬರ್ಗ್ ಕ್ಯಾನ್ಸಾಸಿನಲ್ಲೊಂದಿದೆ, ಕ್ಯಾಲಿಫೋರ್ನಿಯದಲ್ಲೊಂದಿದೆ. ಸಾಲದ್ದಕ್ಕೆ ಕ್ಯಾಲಿಫೋರ್ನಿಯದಲ್ಲಿ ಓಕ್‌ಲ್ಯಾಂಡ್ ಎಂಬ ದೊಡ್ಡ ಊರೂ ಇದೆ, ಮತ್ತು ಆ ಓಕ್‌ಲ್ಯಾಂಡಿನಿಂದ ಆ ಪಿಟ್ಸ್‌ಬರ್ಗಿಗೆ ಸೊಗಸಾದ ರೈಲೂ ಇದೆ! ನನ್ನ ಅಕ್ಕ ಮೊಬೈಲಿನಲ್ಲಿ ಹುಡುಕಿ, "ನೋಡೋ, ಓಕ್‌ಲ್ಯಾಂಡಿಂದ ಪಿಟ್ಸ್‌ಬರ್ಗಿಗೆ ರೈಲೇ ಇದೆ, ಬಸ್ ಯಾಕೆ?" ಎಂದು ಎರಡು ದಿನ ಸಂಭ್ರಮಪಟ್ಟಿದ್ದಳು. ಅವಳು ನೋಡುತ್ತಿದ್ದ ರೈಲು ಮಗನಿಂದ ಮೂರೂವರೆ ಸಾವಿರ ಕಿಲೋಮೀಟರ್ ಆಚೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿ ಓಡುತ್ತಿತ್ತು. ವಿಳಾಸ ಬರೆಯುವಾಗ ಪೆನ್ಸಿಲ್ವೇನಿಯ ಎಂದು ರಾಜ್ಯದ ಹೆಸರನ್ನು ಬಿಡದೆ ಬರೆಯಿರಿ. ವಿಮಾನದ ಟಿಕೆಟಿನಲ್ಲಿ ನಿಲ್ದಾಣದ ಸಂಕೇತ 'ಪಿಐಟಿ' ಎಂದಿದೆಯೇ ನೋಡಿಕೊಳ್ಳಿ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಲಂಡನ್ನಿನಿಂದ ಪಿಟ್ಸ್‌ಬರ್ಗಿಗೆ ಬ್ರಿಟಿಷ್ ಏರ್‌ವೇಸ್ 2019ರಲ್ಲಿ ನೇರ ಹಾರಾಟ ಆರಂಭಿಸಿತು. ಕೋವಿಡ್ ಕಾಲದಲ್ಲಿ ನಿಂತದ್ದು 2022ರಲ್ಲಿ ಮತ್ತೆ ಶುರುವಾಯಿತು. ದಿನ ಹೊಂದಿದರೆ ಲಂಡನ್ನಿನಲ್ಲಿ ಒಂದೇ ಕಡೆ ವಿಮಾನ ಬದಲಿಸಿ ತಲುಪಬಹುದು. ಇಲ್ಲವಾದರೆ ನ್ಯೂಯಾರ್ಕು, ವಾಷಿಂಗ್ಟನ್, ಷಿಕಾಗೊ ಮುಂತಾದ ಕಡೆ ಇಳಿದು ಒಳನಾಡಿನ ವಿಮಾನ ಹಿಡಿಯಬೇಕು. ಇಲ್ಲಿ ಮಕ್ಕಳಿಗೆ ತಿಳಿದಿರಬೇಕಾದ ಸಂಗತಿ ಇಷ್ಟೆ: ಅಮೆರಿಕದ ನೆಲದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ವಲಸೆ ಅಧಿಕಾರಿಯ ಮುಂದೆ ನಿಲ್ಲಬೇಕು, ಸಾಮಾನ್ಯವಾಗಿ ಅಲ್ಲೇ ಸೂಟ್‌ಕೇಸು ತೆಗೆದುಕೊಂಡು ಮತ್ತೆ ಒಪ್ಪಿಸಬೇಕು. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಎರಡು ವಿಮಾನಗಳ ನಡುವೆ ಒಂದೂವರೆ ಗಂಟೆಯಿರುವ ಅಗ್ಗದ ಟಿಕೆಟ್ಟು ಕೊನೆಗೆ ಅಗ್ಗವಾಗುವುದಿಲ್ಲ. ಮೂರು ಗಂಟೆಯಾದರೂ ಇರಲಿ. ಪಾಸ್‌ಪೋರ್ಟ್, ವಿಶ್ವವಿದ್ಯಾಲಯ ಕೊಟ್ಟ ಐ-20 ಪತ್ರ, ಹಣದ ದಾಖಲೆಗಳು ಕೈಚೀಲದಲ್ಲಿರಬೇಕು, ಸೂಟ್‌ಕೇಸಿನಲ್ಲಲ್ಲ. ವಿದ್ಯಾರ್ಥಿ ವೀಸಾದವರು ತರಗತಿ ಆರಂಭದ ದಿನಕ್ಕಿಂತ 30 ದಿನಕ್ಕೂ ಮೊದಲು ಒಳಹೋಗುವಂತಿಲ್ಲ ಎಂಬುದನ್ನೂ ಟಿಕೆಟ್ ಕೊಳ್ಳುವಾಗ ಲೆಕ್ಕ ಹಾಕಿಕೊಳ್ಳಿ.

ಎರಡು ಡಾಲರು, ಮೂರು ಕ್ವಾರ್ಟರು

ವಿಮಾನ ನಿಲ್ದಾಣ ಊರಿನ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಹಳೆಯ ವಿದ್ಯಾರ್ಥಿಗಳು ಬರೆದಿಟ್ಟ ಸಲಹೆಗಳಲ್ಲಿ "ಇಳಿದು ಒಳಗಿನ ಪುಟ್ಟ ರೈಲು ಹತ್ತಿ" ಎಂದಿದ್ದರೆ ಅದನ್ನು ಮರೆತುಬಿಡಿ. ಅದು 1992ರಲ್ಲಿ ಕಟ್ಟಿದ್ದ ನಿಲ್ದಾಣದ ಕಥೆ. 2025ರ ನವೆಂಬರಿನಲ್ಲಿ ಹೊಸ ಟರ್ಮಿನಲ್ ತೆರೆದಿದೆ. ಒಳಗಿನ ರೈಲು ಹೋಯಿತು.

ಅಲ್ಲಿಂದ ಊರಿಗೆ ರೈಲಿಲ್ಲ. ಟ್ಯಾಕ್ಸಿ, ಊಬರ್ ಇವೆ. ಅದಕ್ಕಿಂತ ಒಳ್ಳೆಯದು 28 ಎಕ್ಸ್ ಎಂಬ ಸಿಟಿ ಬಸ್ಸು. ರಾಬಿನ್ಸನ್ ಎಂಬ ಅಂಗಡಿಗಳ ಬಡಾವಣೆ, ಊರ ನಡುವಿನ ಡೌನ್‌ಟೌನ್ ಹಾದು ಓಕ್‌ಲ್ಯಾಂಡಿನವರೆಗೆ, ಅಂದರೆ ಎರಡೂ ವಿಶ್ವವಿದ್ಯಾಲಯಗಳ ಬಾಗಿಲವರೆಗೆ, ಅದು ಹೋಗುತ್ತದೆ. ಮೂವತ್ತು ಕಿಲೋಮೀಟರಿಗೂ ಊರೊಳಗಿನ ಟಿಕೆಟ್ಟೇ: 2025ರಲ್ಲಿ 2.75 ಡಾಲರ್. ಟ್ಯಾಕ್ಸಿಗೆ ಇದರ ಹತ್ತು ಪಟ್ಟು ಮೀರುತ್ತದೆ. ಆದರೆ ಬಸ್ಸು ರಾತ್ರಿಯಿಡೀ ಓಡುವುದಿಲ್ಲ. ಮಗಳೋ ಮಗನೋ ನಡುರಾತ್ರಿ ಇಳಿಯುವ ಟಿಕೆಟ್ಟು ಕೊಂಡಿದ್ದರೆ ಟ್ಯಾಕ್ಸಿಯ ಹಣವನ್ನೂ ಅದಕ್ಕೇ ಸೇರಿಸಿ ಲೆಕ್ಕ ಮಾಡಿ.

ಇನ್ನೊಂದು ಸಣ್ಣ ತೊಡಕು. ನಮ್ಮಲ್ಲಿ ವಿದೇಶಿ ಹಣ ಕೊಡುವವರು ಕೊಡುವುದು ನೂರು ಡಾಲರಿನ ನೋಟು. ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಚಾಲಕನ ಪಕ್ಕದ ಪೆಟ್ಟಿಗೆ ನೋಟು, ನಾಣ್ಯ ನುಂಗುತ್ತದೆ, ಚಿಲ್ಲರೆ ಉಗುಳುವುದಿಲ್ಲ. ಆದ್ದರಿಂದ ನಿಲ್ದಾಣದೊಳಗೆ ಒಂದು ಕಾಫಿಯನ್ನೋ ಬಿಸ್ಕತ್ತನ್ನೋ ಕೊಂಡು ಎರಡು ಒಂಟಿ ಡಾಲರಿನ ನೋಟು, ಮೂರು ಕ್ವಾರ್ಟರ್ ನಾಣ್ಯ ಮಾಡಿಕೊಳ್ಳಬೇಕು. ಕ್ವಾರ್ಟರ್ ಎಂದರೆ ಕಾಲು ಡಾಲರ್, ನಮ್ಮ ನಾಲ್ಕಾಣೆಯ ಅಣ್ಣ. ಮೊಬೈಲಿನಲ್ಲಿ ಟಿಕೆಟ್ ಕೊಳ್ಳುವ ವ್ಯವಸ್ಥೆಯೂ ಇದೆ. ಆದರೆ ಮೊದಲ ದಿನ ಮೊಬೈಲಿಗೆ ಸಿಮ್ ಇರಬೇಕು, ಕಾರ್ಡು ನಡೆಯಬೇಕು. ಎರಡೂ ಕೈಕೊಡುವ ದಿನ ಅದೇ.

ಈ ಟಿಕೆಟ್ಟಿನ ಚಿಂತೆ ಹೆಚ್ಚು ದಿನದ್ದಲ್ಲ. ಕಾರ್ನೆಗಿ ಮೆಲನ್ ಮತ್ತು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಗುರುತಿನ ಚೀಟಿ ತೋರಿಸಿ ಊರಿನ ಎಲ್ಲ ಬಸ್ಸುಗಳಲ್ಲೂ ದುಡ್ಡಿಲ್ಲದೆ ಓಡಾಡಬಹುದು. ದುಡ್ಡಿಲ್ಲದೆ ಎನ್ನುವುದು ಮಾತಿಗೆ. ಸಾರಿಗೆ ಸಂಸ್ಥೆಗೆ ವಿಶ್ವವಿದ್ಯಾಲಯ ಹಣ ಕಟ್ಟುತ್ತದೆ, ಅದು ನೀವು ತೆತ್ತ ಶುಲ್ಕದಲ್ಲೇ ಸೇರಿದೆ. ಕೊಟ್ಟ ಮೇಲೆ ಬಳಸದೆ ಬಿಡಬಾರದು.

ನಕ್ಷೆ ಹೇಳದ ಗುಡ್ಡ

ಪಿಟ್ಸ್‌ಬರ್ಗ್ ಮೂರು ನದಿಗಳ ಊರು. ಉತ್ತರದಿಂದ ಬರುವ ಅಲೆಘೆನಿ, ದಕ್ಷಿಣದ ಮನಾಂಗಹೀಲಾ ಸೇರಿ ಒಹಾಯೊ ಆಗುತ್ತವೆ. ಆ ಸಂಗಮದ ಮೂಲೆಯಲ್ಲೇ ಡೌನ್‌ಟೌನ್. ನದಿಗಳು ಕೊರೆದ ಆಳವಾದ ಕಣಿವೆ, ಎರಡೂ ದಡದಲ್ಲಿ ಎದ್ದುನಿಂತ ಗುಡ್ಡ. ಊರಿನೊಳಗೆ 446 ಸೇತುವೆಗಳಿವೆಯೆಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಉಕ್ಕಿನ ಕಾರ್ಖಾನೆಗಳಿದ್ದುದು ನದಿಯಂಚಿನ ಸಮತಟ್ಟಿನಲ್ಲಿ. ಕಾರ್ಮಿಕರ ಮನೆಗಳು ಗುಡ್ಡದ ಇಳಿಜಾರಿನಲ್ಲಿ. ಕೆಳಗಿಳಿದು ದುಡಿದು ಮೇಲೆ ಹತ್ತಿ ಮಲಗಲು ಊರಿನುದ್ದಕ್ಕೂ ಮೆಟ್ಟಿಲು ಕಟ್ಟಿದರು. ಇಂದಿಗೂ ಏಳುನೂರಕ್ಕೂ ಹೆಚ್ಚು ಸಾರ್ವಜನಿಕ ಮೆಟ್ಟಿಲು ಸಾಲುಗಳಿವೆ. ಮುಖ್ಯವಾದ ಮಾತು ಇಲ್ಲಿದೆ: ಅವುಗಳಲ್ಲಿ ಎಷ್ಟೋ ಮೆಟ್ಟಿಲುಗಳು ಕಾನೂನಿನ ಪ್ರಕಾರ ರಸ್ತೆಗಳು. ಅವಕ್ಕೆ ರಸ್ತೆಯ ಹೆಸರಿದೆ, ನಕ್ಷೆಯಲ್ಲಿ ರಸ್ತೆಯ ಗೆರೆಯೂ ಇದೆ.

ನಮ್ಮ ಹುಡುಗ ಬಿದ್ದದ್ದು ಇಲ್ಲಿ. ಮೈಸೂರಿನಲ್ಲಿ ಕೂತು ಮೊಬೈಲಿನಲ್ಲೇ ಮನೆ ಹುಡುಕಿದ. ಮನಾಂಗಹೀಲಾ ನದಿಯ ಆಚೆ ದಡದಲ್ಲಿ ಸೌತ್ ಸೈಡ್ ಸ್ಲೋಪ್ಸ್ ಎಂಬ ಬಡಾವಣೆ. ಹೆಸರಿನಲ್ಲೇ ಇಳಿಜಾರು ಇದೆ. ನಾವು ಅದನ್ನು ಜಯನಗರ, ಕುವೆಂಪುನಗರ ಎಂಬಂತೆ ಬರೀ ಹೆಸರೆಂದು ಓದಿದೆವು. ನಕ್ಷೆಯಲ್ಲಿ ಬೆರಳಿಟ್ಟು ಅಳೆದರೆ ಕಾಲೇಜಿಗೆ ಮೂರು ಕಿಲೋಮೀಟರ್ ಕೂಡ ಇಲ್ಲ. ಬಾಡಿಗೆ ಓಕ್‌ಲ್ಯಾಂಡಿಗಿಂತ ಕಡಿಮೆ. ಕಿಟಕಿಯಿಂದ ನದಿ, ಸೇತುವೆ, ದೀಪಗಳ ಊರು ಕಾಣುವ ಚಿತ್ರ ಬೇರೆ ಕಳಿಸಿದ್ದರು. ಒಂದು ವರ್ಷದ ಕರಾರಿಗೆ ಇಲ್ಲಿಂದಲೇ ಸಹಿ ಹಾಕಿದ. ಅದನ್ನು ಅಲ್ಲಿ ಲೀಸ್ ಎನ್ನುತ್ತಾರೆ. ನಮ್ಮ ಬೆಂಗಳೂರಿನ ಲೀಸ್ ಅಲ್ಲ, ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವುದಲ್ಲ. ಹನ್ನೆರಡು ತಿಂಗಳ ಬಾಡಿಗೆಗೆ ನೀವು ಬದ್ಧರು ಎಂಬ ಕರಾರು. ನಡುವೆ ಬಿಟ್ಟು ಹೋದರೂ ದುಡ್ಡು ಕೊಡಬೇಕಾಗಬಹುದು.

ಕಾಲೇಜಿನಿಂದ ಮನೆಗೆ ಬರುವುದೆಂದರೆ ಸೇತುವೆ ದಾಟಿ, ಬಯಲಿನ ಬೀದಿಯಲ್ಲಿ ನಡೆದು, ಆಮೇಲೆ ಮೆಟ್ಟಿಲು. ಮೊದಲ ವಾರ ಎಣಿಸಿದನಂತೆ, ಇನ್ನೂರು ದಾಟಿದ ಮೇಲೆ ಎಣಿಕೆ ಬಿಟ್ಟನಂತೆ. ಗುಡ್ಡದ ಮೇಲಕ್ಕೆ ಬಸ್ಸು ಇಲ್ಲದಿಲ್ಲ. ಆದರೆ ಅದು ಡೌನ್‌ಟೌನಿಗೆ ಹೋಗುವ ಬಸ್ಸು, ಓಕ್‌ಲ್ಯಾಂಡಿಗಲ್ಲ. ಅಲ್ಲಿಂದ ಇನ್ನೊಂದು ಹಿಡಿಯಬೇಕು. ಪ್ರಯೋಗಾಲಯದಿಂದ ರಾತ್ರಿ ಹೊರಬಿದ್ದರೆ ಕಾದದ್ದೇ ಕಾದದ್ದು. ಸೆಪ್ಟೆಂಬರಿನಲ್ಲಿ ಇದೆಲ್ಲ ವ್ಯಾಯಾಮ ಅನ್ನಿಸಿತ್ತು. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲೆ. ಜನವರಿಯ ರಾತ್ರಿ ಶೂನ್ಯಕ್ಕಿಂತ ಐದಾರು ಡಿಗ್ರಿ ಕೆಳಗೆ ಇಳಿಯುವುದು ಅಲ್ಲಿ ಮಾಮೂಲು. ಮೆಟ್ಟಿಲ ಮೇಲೆ ಬಿದ್ದ ಹಿಮ ಹಗಲು ಸ್ವಲ್ಪ ಕರಗಿ ರಾತ್ರಿ ಗಾಜಿನಂತೆ ಗಟ್ಟಿಯಾಗುತ್ತದೆ. ಒಂದು ರಾತ್ರಿ ಜಾರಿ ಬಿದ್ದು ಮಣಿಕಟ್ಟು ಊದಿಸಿಕೊಂಡ. ತಾಯಿಗೆ ಹೇಳಲಿಲ್ಲ. ವಾರಕ್ಕೊಮ್ಮೆ ಮುಖ ನೋಡಿಕೊಂಡು ಮಾತಾಡುವಾಗ ಎಡಗೈಯನ್ನೇ ಎತ್ತುತ್ತಿದ್ದುದನ್ನು ಕಂಡು ಅಕ್ಕನೇ ಕೇಳಿದಳು: "ಬಲಗೈ ಎಲ್ಲೋ?"

ಹಣ ಉಳಿಯಿತೇ? ಬಾಡಿಗೆಯಲ್ಲಿ ಉಳಿದದ್ದು ರಾತ್ರಿಯ ಊಬರಿಗೆ ಹೋಯಿತು. ಎರಡನೆಯ ವರ್ಷ ಸ್ಕ್ವಿರಲ್ ಹಿಲ್ ಎಂಬಲ್ಲಿ ಇಬ್ಬರು ಗೆಳೆಯರ ಜತೆ ಮನೆ ಹಿಡಿದ. ನಕ್ಷೆಯಲ್ಲಿ ದೂರ ಹೆಚ್ಚು ಕಡಿಮೆ ಅಷ್ಟೇ. ಆದರೆ ಮನೆಯಿಂದ ಐದು ನಿಮಿಷಕ್ಕೆ ಫೋರ್ಬ್ಸ್ ಅವೆನ್ಯೂ, ಅಲ್ಲಿ 61ರ ಬಸ್ಸು, ಕೂತರೆ ನೇರ ಕಾಲೇಜಿನ ಮುಂದೆ.

ಆದ್ದರಿಂದ ಮನೆ ತೋರಿಸುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಕೋಣೆ ಎಷ್ಟು ದೊಡ್ಡದು ಎಂದಲ್ಲ. ಹತ್ತಿರದ ಬಸ್ಸಿನ ನಂಬರು ಯಾವುದು, ಅದು ಬದಲಿಸದೆ ಓಕ್‌ಲ್ಯಾಂಡಿಗೆ ಹೋಗುತ್ತದೆಯೆ, ರಾತ್ರಿಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಭಾನುವಾರ ಎಷ್ಟೆಷ್ಟು ಹೊತ್ತಿಗೆ, ನಿಲ್ದಾಣದಿಂದ ಮನೆಗೆ ಏರು ಇದೆಯೆ. ಈ ಪ್ರಶ್ನೆಗಳನ್ನು ಕೇಳಲು ಅಮೆರಿಕಕ್ಕೆ ಹೋಗಬೇಕಿಲ್ಲ. ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ, ಮನೆಯೆದುರಿನ ರಸ್ತೆಯ ಚಿತ್ರವೂ ಸಿಗುತ್ತದೆ. ತಾಯ್ತಂದೆಯರೇ ನೋಡಬಹುದು. ಮಕ್ಕಳು ಬಾಡಿಗೆ ನೋಡುತ್ತಾರೆ. ಕೊನೆಯ ಬಸ್ಸನ್ನು ನೋಡುವುದು ಅಮ್ಮಂದಿರಿಗೇ ಹೊಳೆಯುವ ಬುದ್ಧಿ.

ಹತ್ತುವುದು, ಇಳಿಯುವುದು

ಓಕ್‌ಲ್ಯಾಂಡಿನ ನಾಡಿಗಳೆಂದರೆ 61 ಮತ್ತು 71ರ ಬಸ್ಸುಗಳು. ಒಂದೊಂದು ನಂಬರಿಗೂ ಎ, ಬಿ, ಸಿ, ಡಿ ಎಂಬ ಬಾಲಗಳಿವೆ. ಡೌನ್‌ಟೌನಿನಿಂದ ಓಕ್‌ಲ್ಯಾಂಡಿನವರೆಗೆ ಬಾಲ ಯಾವುದಾದರೇನು, ಒಂದೇ ದಾರಿ. ಆಮೇಲೆ ಕವಲೊಡೆಯುತ್ತವೆ: 61ರವು ಸ್ಕ್ವಿರಲ್ ಹಿಲ್ಲಿನ ಕಡೆಗೆ, 71ರವು ಶೇಡಿಸೈಡ್ ಮತ್ತಿತರ ಪೂರ್ವದ ಬಡಾವಣೆಗಳ ಕಡೆಗೆ. ಡೌನ್‌ಟೌನಿನತ್ತ ಹೋಗುವುದು 'ಇನ್‌ಬೌಂಡ್', ಅಲ್ಲಿಂದ ಹೊರಕ್ಕೆ ಬರುವುದು 'ಔಟ್‌ಬೌಂಡ್'. ಈ ಎರಡು ಪದ ಗೊತ್ತಿಲ್ಲದೆ ರಸ್ತೆಯ ತಪ್ಪು ಬದಿಯಲ್ಲಿ ನಿಂತು ಬಸ್ಸುಗಳು ಎದುರಿಗೆ ಹೋಗುವುದನ್ನು ನೋಡುತ್ತಿದ್ದವರುಂಟು. ಮುಂಬಾಗಿಲಲ್ಲಿ ಹತ್ತಿ, ಕಾರ್ಡು ತಾಗಿಸಿ, ಇಳಿಯುವ ಜಾಗ ಬಂದಾಗ ಕಿಟಕಿಯ ಮೇಲಿನ ಹಗ್ಗ ಎಳೆಯುವುದು. ಒಂದು ಕಾಲದಲ್ಲಿ ಡೌನ್‌ಟೌನಿಗೆ ಹೋಗುವಾಗ ಹತ್ತುತ್ತ ದುಡ್ಡು, ಹೊರಗೆ ಹೋಗುವಾಗ ಇಳಿಯುತ್ತ ದುಡ್ಡು ಎಂಬ ವಿಚಿತ್ರ ಪದ್ಧತಿಯಿತ್ತು. 2017ರಿಂದ ಯಾವಾಗಲೂ ಹತ್ತುವಾಗಲೇ. ದುಡ್ಡು ಕೊಟ್ಟು ಹೋಗುವವರು 'ಕನೆಕ್ಟ್ ಕಾರ್ಡ್' ಇಟ್ಟುಕೊಂಡರೆ ಒಂದು ಟಿಕೆಟ್ಟಿಗೆ ಮೂರು ಗಂಟೆಯೊಳಗೆ ಎಷ್ಟು ಬಸ್ಸನ್ನಾದರೂ ಬದಲಿಸಬಹುದು.

ರಸ್ತೆ ದಾಟುವ ವಿಷಯ ಹೇಳಲೇಬೇಕು. ಅಲ್ಲಿ ವಾಹನ ಬಲಗಡೆ. ನಾವು ಹುಟ್ಟಿನಿಂದ ಮೊದಲು ಬಲಕ್ಕೆ ನೋಡಿ ಕಾಲಿಡುವವರು. ಅಲ್ಲಿ ಅಪಾಯ ಬರುವುದು ಎಡದಿಂದ. ಅಷ್ಟೇ ಆಗಿದ್ದರೆ ಅಭ್ಯಾಸ ಮಾಡಿಕೊಳ್ಳಬಹುದಿತ್ತು. ಓಕ್‌ಲ್ಯಾಂಡಿನಲ್ಲಿ ಫಿಫ್ತ್ ಅವೆನ್ಯೂ ಏಕಮುಖ ರಸ್ತೆ, ಆದರೆ ಬಸ್ಸುಗಳಿಗೆ ಮಾತ್ರ ಎದುರು ದಿಕ್ಕಿನಲ್ಲಿ ಒಂದು ಪಟ್ಟಿ ಬಿಟ್ಟಿದ್ದಾರೆ. ಕಾರುಗಳೆಲ್ಲ ಹೋದವೆಂದು ಕಾಲಿಟ್ಟರೆ ಇನ್ನೊಂದು ಕಡೆಯಿಂದ ಬಸ್ಸು. ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು ನಡೆಯುವ ಮಕ್ಕಳಿಗೆ ಇದನ್ನು ಎರಡು ಸಲ ಹೇಳಿ. ಮತ್ತೆ, ಹಸಿರು ದೀಪ ಬಿದ್ದೊಡನೆ ಎಡಕ್ಕೆ ತಿರುಗುವ ಮೊದಲ ಕಾರಿಗೆ ಎದುರಿನವರು ದಾರಿ ಬಿಡುವುದು ಅಲ್ಲಿನ ರೂಢಿ. ಕಾನೂನಿನಲ್ಲಿಲ್ಲ, ಊರಿನ ಸೌಜನ್ಯ. 'ಪಿಟ್ಸ್‌ಬರ್ಗ್ ಲೆಫ್ಟ್' ಎಂದೇ ಹೆಸರು. ಕಾರಿನವರಿಗೆ ಸೌಜನ್ಯ, ಪಾದಚಾರಿಗೆ ಗಂಡಾಂತರ.

'ಟಿ' ಎಂದು ಕರೆಯುವ ರೈಲೂ ಇದೆ. ಡೌನ್‌ಟೌನಿನಲ್ಲಿ ನೆಲದಡಿ ಓಡಿ, 2012ರಿಂದ ಅಲೆಘೆನಿ ನದಿಯ ಕೆಳಗೂ ತೂರಿ ಆಚೆ ದಡಕ್ಕೆ ಹೋಗುತ್ತದೆ. ಈ ನಡುಊರಿನ ಭಾಗದಲ್ಲಿ ಟಿಕೆಟ್ಟಿಲ್ಲ. ಆದರೆ ಅದು ಓಕ್‌ಲ್ಯಾಂಡಿಗೂ ಬರುವುದಿಲ್ಲ, ವಿಮಾನ ನಿಲ್ದಾಣಕ್ಕೂ ಹೋಗುವುದಿಲ್ಲ. ವಿದ್ಯಾರ್ಥಿಯ ದಿನಚರಿಯಲ್ಲಿ ಅದಕ್ಕೆ ಹೆಚ್ಚು ಜಾಗವಿಲ್ಲ.

ದಾರಿ ಕೇಳುವುದು ಮಾತ್ರ ಮಜವಾದ ಅನುಭವ. ಪಿಟ್ಸ್‌ಬರ್ಗಿನ ಹಳಬರು ಈಗ ಇಲ್ಲದ ಕಟ್ಟಡಗಳನ್ನು ಗುರುತಾಗಿ ಕೊಟ್ಟು ದಾರಿ ಹೇಳುತ್ತಾರೆಂಬುದು ಊರಿನವರದೇ ನಗೆಮಾತು. ಲಿಡೊ ಟಾಕೀಸು ಹೋಗಿ ಎಷ್ಟೋ ವರ್ಷವಾದರೂ "ಲಿಡೊ ಹತ್ತಿರ ಇಳಿಸಪ್ಪ" ಎನ್ನುವ ಬೆಂಗಳೂರಿಗರಿಗೆ ಇದು ಹೊಸದಲ್ಲ. ದಾರಿ ತಪ್ಪಿದರೆ ತಲೆಯೆತ್ತಿ ನೋಡಬೇಕು: 42 ಅಂತಸ್ತಿನ 'ಕತೀಡ್ರಲ್ ಆಫ್ ಲರ್ನಿಂಗ್' ಎಂಬ ಕಲ್ಲಿನ ಕಟ್ಟಡ ಕಂಡರೆ ಓಕ್‌ಲ್ಯಾಂಡ್ ಅಲ್ಲೇ ಇದೆ. ಅದರೊಳಗೆ ನಲಂದದ ಮಾದರಿಯಲ್ಲಿ 2000ದಲ್ಲಿ ಮಾಡಿದ ಭಾರತೀಯ ತರಗತಿಯೊಂದಿದೆ. ತಂದೆ ತಾಯಿ ಹೋದಾಗ ತೋರಿಸಲು ಒಳ್ಳೆಯ ಜಾಗ, ಬಿಸಿ ಗಾಳಿಯೂ ಇರುತ್ತದೆ.

ಬಸ್ಸೇ ನಿಂತರೆ?

ಎಲ್ಲ ಸುಸೂತ್ರ ಎಂದು ಬರೆದರೆ ಸುಳ್ಳಾಗುತ್ತದೆ. 2022ರ ಜನವರಿ 28ರ ಮುಂಜಾನೆ, ಹಿಮ ಬೀಳುತ್ತಿದ್ದ ಹೊತ್ತಿನಲ್ಲಿ, ಫೋರ್ಬ್ಸ್ ಅವೆನ್ಯೂವಿನ ಫರ್ನ್ ಹಾಲೊ ಸೇತುವೆ ಕಣಿವೆಗೆ ಕುಸಿಯಿತು. ಅದರ ಮೇಲೆ ಒಂದು 61 ಬಿ ಬಸ್ಸಿತ್ತು. ಹತ್ತು ಮಂದಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ಸೇತುವೆ, ರಸ್ತೆಗಳಿಗೆ ಹಣ ಕೊಡುವ ಬಗ್ಗೆ ಮಾತಾಡಲು ಅಧ್ಯಕ್ಷ ಬೈಡನ್ ಅದೇ ದಿನ ಊರಿಗೆ ಬರುವುದಿತ್ತು! ನೀರು ಹೋಗುವ ದಾರಿ ಕಟ್ಟಿಕೊಂಡು ಉಕ್ಕಿನ ಕಾಲುಗಳು ತುಕ್ಕು ಹಿಡಿದಿದ್ದವು, ರಿಪೇರಿ ಮಾಡಿ ಎಂದು ತಪಾಸಕರು ವರ್ಷಗಟ್ಟಲೆ ಬರೆದದ್ದನ್ನು ನಗರಾಡಳಿತ ನಡೆಸಿಕೊಡಲಿಲ್ಲ ಎಂದು ತನಿಖೆ ಹೇಳಿತು. ಉಕ್ಕಿನ ಊರಿನಲ್ಲೇ ಉಕ್ಕಿಗೆ ತುಕ್ಕು. ಹೊಸ ಸೇತುವೆ ಅದೇ ವರ್ಷದ ಡಿಸೆಂಬರಿನಲ್ಲಿ ತೆರೆಯಿತು. ಒಂದು ವರ್ಷದೊಳಗೆ ಕಟ್ಟಿದರಲ್ಲ ಎಂದು ನಮ್ಮ ಮೇಲುಸೇತುವೆಗಳನ್ನು ನೆನೆದು ನಾನು ನಿಟ್ಟುಸಿರಿಟ್ಟದ್ದುಂಟು.

ಇದಕ್ಕಿಂತ ಹೆಚ್ಚಾಗಿ ಪೋಷಕರು ತಿಳಿಯಬೇಕಾದದ್ದು ಹಣದ ಕಥೆ. ಊರಿನ ಬಸ್ಸುಗಳನ್ನು ಓಡಿಸುವುದು ಪಿಟ್ಸ್‌ಬರ್ಗ್ ರೀಜನಲ್ ಟ್ರಾನ್ಸಿಟ್. 2022ರವರೆಗೆ ಪೋರ್ಟ್ ಅಥಾರಿಟಿ ಎಂದಿತ್ತು. ಕೋವಿಡ್ ಕಾಲದ ಕೇಂದ್ರದ ನೆರವು ಮುಗಿದು, ಪ್ರಯಾಣಿಕರು ಮೊದಲಿನಷ್ಟು ಮರಳದೆ, 2025ರಲ್ಲಿ ಸಂಸ್ಥೆ ಒಂದು ಯೋಜನೆ ಮುಂದಿಟ್ಟಿತು: ಸೇವೆಯಲ್ಲಿ ಶೇ 35ರಷ್ಟು ಕಡಿತ, 41 ಮಾರ್ಗಗಳು ಪೂರ್ತಿ ರದ್ದು, ರಾತ್ರಿ 11ಕ್ಕೆ ಎಲ್ಲ ಬಂದ್. ಊರಿನಲ್ಲಿ ದೊಡ್ಡ ಗದ್ದಲವಾಯಿತು. ಹೊಸ ಬಸ್ಸು, ಕಟ್ಟಡಗಳಿಗೆಂದು ಇಟ್ಟಿದ್ದ ಹಣವನ್ನು ಎರಡು ವರ್ಷ ದಿನನಿತ್ಯದ ಖರ್ಚಿಗೆ ಬಳಸಿಕೊಳ್ಳಲು ಆ ಸೆಪ್ಟೆಂಬರಿನಲ್ಲಿ ರಾಜ್ಯ ಒಪ್ಪಿದ್ದರಿಂದ ಕಡಿತ ತಪ್ಪಿತು. ಬಿತ್ತನೆಯ ಕಾಳನ್ನು ಬೇಯಿಸಿ ಉಂಡಂತೆ. ಎರಡು ವರ್ಷದ ಕೋರ್ಸಿಗೆ ಹೋಗುವವರು ಮನೆ ಹಿಡಿಯುವಾಗ ಇದನ್ನೂ ನೆನೆಯಬೇಕು. ಕಡಿತ ಬಂದರೆ ಮೊದಲು ಹೋಗುವವು ಕಡಿಮೆ ಜನ ಹತ್ತುವ, ಗಂಟೆಗೊಂದು ಬಸ್ಸಿರುವ ಮಾರ್ಗಗಳು. ನಾಲ್ಕಾರು ನಂಬರಿನ ಬಸ್ಸು ಹಾಯುವ ರಸ್ತೆಯ ಬದಿಯಲ್ಲಿರುವವರಿಗೆ ಒಂದು ಹೋದರೂ ಇನ್ನೊಂದಿರುತ್ತದೆ.

ಹಾಗಾದರೆ ಕಾರು ಕೊಂಡರಾಯಿತಲ್ಲ ಎನ್ನುವವರುಂಟು. ಹಳೆಯ ಕಾರು ಕೊಳ್ಳುವುದು ಕಷ್ಟವಲ್ಲ. ವಿಮೆ, ನಿಲ್ಲಿಸುವ ಜಾಗದ ಬಾಡಿಗೆ, ಹಿಮದಲ್ಲಿ ಗುಡ್ಡದ ರಸ್ತೆ ಇವು ಆಮೇಲೆ ಬರುತ್ತವೆ. ಕ್ಯಾಂಟನ್ ಅವೆನ್ಯೂ ಎಂಬ ರಸ್ತೆ ನೂರು ಅಡಿಗೆ 37 ಅಡಿ ಏರುತ್ತದೆ ಎಂದರೆ ಊರಿನ ಸ್ವಭಾವ ತಿಳಿದೀತು. ಓಕ್‌ಲ್ಯಾಂಡಿನಲ್ಲಿ ಓದುವವರಿಗೆ ಕಾರು ಬೇಡವೆಂದೇ ನನ್ನ ಅಭಿಪ್ರಾಯ. ಪೆನ್ ಹಿಲ್ಸ್‌ನಲ್ಲಿ 1970ರ ದಶಕದಲ್ಲಿ ಕಟ್ಟಿದ ಶ್ರೀ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಲು ಕಾರು ಬೇಕು, ನಿಜ. ಅದಕ್ಕೆ ನಾಲ್ವರು ಸೇರಿ ಹೋಗುವ ಗೆಳೆಯರಿರುತ್ತಾರೆ. ಹುಳಿಯನ್ನ, ಮೊಸರನ್ನ ಸಿಗುತ್ತದೆಂದು ಹೋಗುವ ಮಕ್ಕಳೇ ಹೆಚ್ಚೆಂದು ಕೇಳಿದ್ದೇನೆ. ರಾತ್ರಿಯ ಮಟ್ಟಿಗೆ ಎರಡೂ ವಿಶ್ವವಿದ್ಯಾಲಯಗಳು ತಮ್ಮದೇ ವಾಹನಗಳಲ್ಲಿ ಸುತ್ತಲಿನ ಬಡಾವಣೆಗಳಿಗೆ ಮಕ್ಕಳನ್ನು ಬಿಡುತ್ತವೆ. ಆದರೆ ಅದಕ್ಕೆ ಗಡಿಗಳಿವೆ. ನಿಮ್ಮ ಮನೆ ಆ ಗಡಿಯೊಳಗಿದೆಯೆ ಎಂಬುದೂ ಸಹಿ ಹಾಕುವ ಮೊದಲು ಕೇಳುವ ಪ್ರಶ್ನೆ.

ಅಕ್ಕನ ಬಸ್ಸು

2024ರ ಮೇ ತಿಂಗಳಲ್ಲಿ ಹುಡುಗನ ಘಟಿಕೋತ್ಸವಕ್ಕೆ ಅಕ್ಕನೂ ನಾನೂ ಹೋಗಿದ್ದೆವು. ಅವನ ಗೆಳೆಯನೊಬ್ಬ ಕಾರಿನಲ್ಲಿ ಕರೆದೊಯ್ದ. ಅರ್ಧ ಗಂಟೆ ಸಾಧಾರಣ ಗುಡ್ಡ, ಸಾಧಾರಣ ರಸ್ತೆ. ಆಮೇಲೆ ಫೋರ್ಟ್ ಪಿಟ್ ಸುರಂಗ. ಅದರ ಬಾಯಿಂದ ಹೊರಬಿದ್ದ ಕ್ಷಣವೇ ಕಾರು ಸೇತುವೆಯ ಮೇಲಿರುತ್ತದೆ. ನದಿಗಳು, ಹಳದಿ ಸೇತುವೆಗಳು, ಗೋಪುರದಂಥ ಕಟ್ಟಡಗಳು ಪರದೆ ಸರಿಸಿದಂತೆ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಅಕ್ಕ "ಅಯ್ಯೋ!" ಎಂದಳು. ಹುಡುಗ ನಕ್ಕ. ಮೊದಲ ಸಲ ಬಂದವರೆಲ್ಲ ಹಾಗೇ ಅನ್ನುತ್ತಾರಂತೆ.

1877ರಿಂದ ಓಡುತ್ತಿರುವ ಡುಕೇನ್ ಇನ್‌ಕ್ಲೈನ್ ಎಂಬ ಗುಡ್ಡದ ಗಾಡಿಯಲ್ಲಿ ಕೂರಿಸಿದ. ಹಗ್ಗಕ್ಕೆ ಕಟ್ಟಿದ ಮರದ ಕೋಣೆ ಹಳಿಯ ಮೇಲೆ ನಿಧಾನಕ್ಕೆ ಮೇಲೇರುತ್ತದೆ. ಉಕ್ಕಿನ ಕಾಲದಲ್ಲಿ ಇಂಥವು ಹದಿನೈದಕ್ಕೂ ಹೆಚ್ಚಿದ್ದವಂತೆ, ಈಗ ಎರಡೇ ಉಳಿದಿವೆ. ತುದಿಯಲ್ಲಿ ನಿಂತು ಹುಡುಗ ತನ್ನ ಮೊದಲ ವರ್ಷದ ಮನೆಯಿದ್ದ ಇಳಿಜಾರಿನ ದಿಕ್ಕು ತೋರಿಸಿದ. ಅಕ್ಕ ಬಹಳ ಹೊತ್ತು ನೋಡಿದಳು. "ಇಷ್ಟು ಎತ್ತರಾನೇನೋ?" ಎಂದಷ್ಟೇ ಕೇಳಿದಳು.

ಮಾರನೆಯ ದಿನ ಮಂಡಿನೋವಿನ ಅಕ್ಕನನ್ನು 61ರ ಬಸ್ಸು ಹತ್ತಿಸಿದೆವು. ಅವಳು ಮೆಟ್ಟಿಲ ಮುಂದೆ ಹಿಂಜರಿದು ನಿಂತದ್ದನ್ನು ಚಾಲಕಿ ಕಂಡಳು. ಉಸ್ಸೆಂದು ಸದ್ದು ಮಾಡಿ ಬಸ್ಸಿನ ಮುಂಭಾಗ ಮೆಲ್ಲಗೆ ಕೆಳಗಿಳಿಯಿತು, ಮಾವುತನಿಗೆ ಆನೆ ಬಾಗಿದ ಹಾಗೆ. "ಪಂಕ್ಚರಾಯ್ತು ಅಂತ ಕಾಣತ್ತೆ, ಬೇರೆ ಬಸ್ಸಿಗೆ ಹೋಗೋಣ" ಎಂದು ಅಕ್ಕ ಹಿಂದಕ್ಕೆ ಸರಿದಳು. "ಇಲ್ಲಮ್ಮ, ನಿಂಗೋಸ್ಕರಾನೇ ಬಗ್ಗಿಸಿದ್ದು" ಎಂದು ಹುಡುಗ ಹೇಳಿದ ಮೇಲೆ ಹತ್ತಿದಳು. ಮುಂದಿನ ಸೀಟಿನಲ್ಲಿದ್ದ ಕಾಲೇಜಿನ ಹುಡುಗಿ ಎದ್ದು ಜಾಗ ಬಿಟ್ಟಳು. ಇಳಿಯುವವರೆಲ್ಲ ಬಾಗಿಲಲ್ಲಿ ಚಾಲಕಿಗೆ "ಥ್ಯಾಂಕ್ಯೂ" ಎಂದು ಕೂಗಿ ಇಳಿಯುತ್ತಿದ್ದರು. ಹಿಂಬಾಗಿಲಿನಿಂದ ಇಳಿಯುವವರೂ ಕೂಗುತ್ತಿದ್ದರು. ಎರಡು ದಿನದಲ್ಲಿ ಅಕ್ಕನೂ ಕೂಗತೊಡಗಿದಳು.

ಮೈಸೂರಿಗೆ ಮರಳಿದ ವಾರ ಸಿಟಿ ಬಸ್ಸಿನಲ್ಲಿ ಕುವೆಂಪುನಗರಕ್ಕೆ ಬಂದಳಂತೆ. ಇಳಿದವಳು ಅಭ್ಯಾಸಬಲದಿಂದ ಮುಂದಕ್ಕೆ ಬಗ್ಗಿ ಚಾಲಕನಿಗೆ ಜೋರಾಗಿ "ಥ್ಯಾಂಕ್ಯೂ" ಎಂದಳಂತೆ. ಅವನು ಗಾಬರಿಯಿಂದ ಬ್ರೇಕ್ ಹಾಕಿ ಕೇಳಿದನಂತೆ: "ಏನಮ್ಮಾ, ಬಸ್ಸಲ್ಲಿ ಏನು ಬಿಟ್ರಿ?"